ಸೀಸರನೂ ಹತ್ತನೆಯ ಲೀಜನ್ನೂ

ಶಾಲೆಯಲ್ಲಿ ಚರಿತ್ರೆಯನ್ನೋದುವಾಗ ಜೂಲಿಯಸ್ ಸೀಸರನೆಂದರೆ ನನ್ನ ಕಣ್ಣಿಗೆ ಕಟ್ಟುತ್ತಿದ್ದುದು ಎರಡೇ ಚಿತ್ರ: ದಿಗ್ವಿಜಯಿಯಾದ ವೀರ, ಮಿತ್ರರ ಇರಿತಕ್ಕೆ ಬಿದ್ದ ಸರ್ವಾಧಿಕಾರಿ. ಈ ಎರಡರ ನಡುವೆ ಅವನ ಕೀರ್ತಿಯನ್ನು ಹೆಗಲಮೇಲೆ ಹೊತ್ತು ನಡೆದ ಹೆಸರಿಲ್ಲದ ಯೋಧರಿದ್ದರೆಂಬುದು ನನಗೆ ಹೊಳೆದದ್ದು ಬಹು ತಡವಾಗಿ.

ಕ್ರಿ. ಪೂ. 100ರಲ್ಲಿ ಹುಟ್ಟಿದ ಸೀಸರನಿಗೆ ಪ್ರಾಚೀನ ಕುಲದ ಗೌರವವಿತ್ತು. ಅದಕ್ಕೆ ತಕ್ಕ ಐಶ್ವರ್ಯವಿರಲಿಲ್ಲ. ಸಾಲದ ಬಲದಿಂದಲೇ ಅಧಿಕಾರದ ಮೆಟ್ಟಿಲುಗಳನ್ನೇರಿದ ಅವನು ಕ್ರಿ. ಪೂ. 58ರಲ್ಲಿ ಗಾಲ್ ಪ್ರಾಂತದ ಅಧಿಪತಿಯಾಗಿ ಹೊರಟನು. ರೋಮನರ ಸೇನೆಯಲ್ಲಿ ಸುಮಾರು 5,000 ಕಾಲಾಳುಗಳ ದಳಕ್ಕೆ ಲೀಜನ್ ಎಂದು ಹೆಸರು. ಅವನ ಕೈಕೆಳಗಿನ ಲೀಜನ್‌ಗಳಲ್ಲಿ ಹತ್ತನೆಯದು ಒಂದು.

ಅದೇ ವರ್ಷ ಜರ್ಮನರ ನಾಯಕ ಅರಿಯೋವಿಸ್ಟಸನ ಮೇಲೆ ಯುದ್ಧ ಒದಗಿತು. ಜರ್ಮನರ ಭೀಮಕಾಯವನ್ನು ಕುರಿತ ವದಂತಿಗಳಿಂದ ರೋಮನ್ ಶಿಬಿರವೇ ತತ್ತರಿಸಿತು. ಉಳಿದವರು ಬಾರದಿದ್ದರೆ ಹತ್ತನೆಯ ಲೀಜನ್ ಒಂದನ್ನೇ ಕರೆದುಕೊಂಡು ಹೋಗುವೆನೆಂದು ಸೀಸರನು ಸಾರಿದನು. ಆ ವಿಶ್ವಾಸಕ್ಕೆ ಹತ್ತನೆಯವರು ಕೃತಜ್ಞರಾದರು. ಉಳಿದವರು ನಾಚಿ ಹಿಂಬಾಲಿಸಿದರು. ಕ್ರಿ. ಪೂ. 55ರಲ್ಲಿ ಬ್ರಿಟನ್ನಿನ ತೀರದಲ್ಲಿ ಎಲ್ಲರೂ ನೀರಿಗಿಳಿಯಲು ಹಿಂಜರಿದಾಗ, ಹದ್ದಿನ ಲಾಂಛನವನ್ನು ಹಿಡಿದು ಮೊದಲು ಧುಮುಕಿದವನು ಈ ದಳದವನೇ. ಆದರೆ ಈ ಶೌರ್ಯಕ್ಕೆ ಬೆಲೆ ತೆತ್ತವರು ಗಾಲ್ ಜನ. ಅವರ ಊರುಗಳು ಉರಿದವು, ಅಸಂಖ್ಯ ಮಂದಿ ಗುಲಾಮರಾದರು.

ಬಳಿಕ ಅಂತರ್ಯುದ್ಧ. ಕ್ರಿ. ಪೂ. 48ರಲ್ಲಿ ಫಾರ್ಸಾಲಸ್ ರಣರಂಗದಲ್ಲಿ ಪಾಂಪೆಯನ್ನು ಸೋಲಿಸಿದಾಗಲೂ ಹತ್ತನೆಯ ಲೀಜನ್ ಬಲಪಕ್ಕದಲ್ಲಿ ನಿಂತಿತ್ತು. ಆದರೆ ವರ್ಷಗಳ ಸೇವೆಯಿಂದ ಬಳಲಿದ ಯೋಧರಿಗೆ ಮಾತು ಕೊಟ್ಟ ಪಾರಿತೋಷಕ ಸಿಗಲಿಲ್ಲ, ಬಿಡುಗಡೆಯೂ ಸಿಗಲಿಲ್ಲ. ಕ್ರಿ. ಪೂ. 47ರಲ್ಲಿ ಅವರು ದಂಗೆಯೆದ್ದು ರೋಮಿನತ್ತ ನಡೆದರು. ಸೀಸರನು ತಾನಾಗಿ ಅವರೆದುರು ಬಂದು ನಿಂತನು. ಕೇಳಿದ ಬಿಡುಗಡೆಯನ್ನು ಕೊಟ್ಟೆನೆಂದನು. ಎಂದಿನಂತೆ ಸಹಯೋಧರೆನ್ನದೆ ಅವರನ್ನು ಪೌರರೆಂದು ಸಂಬೋಧಿಸಿದನು. ಅಷ್ಟೇ ಸಾಕಾಯಿತು. ತಮ್ಮನ್ನು ಮರಳಿ ಸೇನೆಗೆ ಸೇರಿಸಿಕೊಳ್ಳಬೇಕೆಂದು ಅವರು ಅಂಗಲಾಚಿದರು.

ಈ ಪ್ರಸಂಗವನ್ನು ಅನೇಕರು ಸೀಸರನ ಜಾಣ್ಮೆಗೆ ಸಾಕ್ಷಿಯೆಂದು ಮೆಚ್ಚುತ್ತಾರೆ. ನನಗಾದರೋ ಅಲ್ಲಿ ಒಂದು ಗಣರಾಜ್ಯದ ಮರಣ ಕಾಣುತ್ತದೆ. ರೋಮಿನ ಪೌರನೆನಿಸುವುದು ಒಂದು ಕಾಲಕ್ಕೆ ಪರಮಗೌರವ. ಈಗ ಅದೇ ಶಬ್ದ ಆ ಯೋಧರಿಗೆ ಛಡಿಯೇಟಿನಂತಾಗಿತ್ತು. ಅವರ ನಿಷ್ಠೆ ನಾಡನ್ನು ಬಿಟ್ಟು ನಾಯಕನೊಬ್ಬನಿಗೆ ಸಂದುಹೋಗಿತ್ತು.

ಅವರು ಅವನಿಗಾಗಿ ಕ್ರಿ. ಪೂ. 45ರಲ್ಲಿ ಸ್ಪೇನಿನ ಮುಂಡಾದವರೆಗೂ ಕಾದಿದರು. ಹಳೆಯ ಯೋಧರಿಗೆ ಗಾಲ್‌ನ ನಾರ್ಬೋದಲ್ಲಿ ಕೊನೆಗೂ ಭೂಮಿ ದೊರೆಯಿತು. ಮರುವರ್ಷ ಮಾರ್ಚ್ 15ರಂದು ಗಣರಾಜ್ಯವನ್ನು ಉಳಿಸಲೆಂದು ಕೆಲವರು ಸೀಸರನನ್ನು ಇರಿದು ಕೊಂದರು. ಅವರು ಉಳಿಸಹೊರಟದ್ದು ಮೂರು ವರ್ಷಗಳ ಹಿಂದೆ, ಆ ಒಂದು ಸಂಬೋಧನೆಯ ಮುಂದೆ ಯೋಧರು ತಲೆ ತಗ್ಗಿಸಿದಾಗಲೇ, ಮುಗಿದುಹೋಗಿತ್ತೆಂದು ನನಗನ್ನಿಸುತ್ತದೆ.