ಗುರುವಾಗಿ, ಪುರಪಿತೃವಾಗಿ: ಜೂಲ್ ಲೆಮೀರ್

ಫ್ರಾನ್ಸ್ ದೇಶದ ಉತ್ತರದಂಚಿನ ಫ್ಲಾಂಡರ್ಸ್ ಸೀಮೆಯಲ್ಲಿ, ವ್ಯೂ-ಬೆರ್ಕಾಂ ಎಂಬ ಹಳ್ಳಿಯ ಒಕ್ಕಲು ಮನೆಯೊಂದರಲ್ಲಿ 1853ರಲ್ಲಿ ಜೂಲ್ ಲೆಮೀರ್ ಜನಿಸಿದರು. 1878ರಲ್ಲಿ ಗುರುದೀಕ್ಷೆ ಪಡೆದು, ಸಮೀಪದ ಆಜ್‌ಬ್ರೂಕ್ ಪಟ್ಟಣದ ವಿದ್ಯಾಲಯದಲ್ಲಿ ಅಧ್ಯಾಪಕರಾದರು. ಅವರ ಜೀವನ ಅಲ್ಲಿಯೇ ಶಾಂತವಾಗಿ ಕಳೆದುಹೋಗಬಹುದಾಗಿತ್ತು.

ಆದರೆ 1891ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ಕಾರ್ಮಿಕರ ಸ್ಥಿತಿಗತಿಗಳನ್ನು ಕುರಿತು ವಿಶ್ವಪತ್ರವನ್ನು ಹೊರಡಿಸಿದರು. ಮರುವರ್ಷ, ಗಣರಾಜ್ಯವನ್ನು ಒಪ್ಪಿಕೊಳ್ಳುವಂತೆ ಫ್ರಾನ್ಸಿನ ಕಥೋಲಿಕರಿಗೆ ಕರೆಯಿತ್ತರು. ರಾಜಪ್ರಭುತ್ವದ ಮರಳುವಿಕೆಯನ್ನೇ ಕಾಯುತ್ತಿದ್ದ ಅನೇಕ ಭಕ್ತರಿಗೆ ಈ ಕರೆ ಕಹಿಯಾಯಿತು. ಲೆಮೀರರು ಅದನ್ನು ಮನಸಾರೆ ಸ್ವೀಕರಿಸಿದರು. 1893ರಲ್ಲಿ ಆಜ್‌ಬ್ರೂಕಿನ ಮತದಾರರು ಅವರನ್ನು ಲೋಕಪ್ರತಿನಿಧಿಯಾಗಿ ಪ್ಯಾರಿಸಿಗೆ ಕಳುಹಿಸಿದರು. ಗುರುಗಳ ನಿಲುವಂಗಿಯನ್ನು ತೊಟ್ಟೇ ಅವರು ಸಭೆಯಲ್ಲಿ ಕುಳಿತರು.

ಅದೇ ವರ್ಷ ಡಿಸೆಂಬರ್ 9ರಂದು ಓಗ್ಯುಸ್ತ್ ವಯಾಂ ಎಂಬ ಅರಾಜಕತಾವಾದಿ ಸಭಾಂಗಣದೊಳಗೆ ಮೊಳೆ ತುಂಬಿದ ಬಾಂಬನ್ನೆಸೆದನು. ಗಾಯಗೊಂಡವರಲ್ಲಿ ಲೆಮೀರರೂ ಒಬ್ಬರು. ವಯಾಂಗೆ ಮರಣದಂಡನೆಯಾದಾಗ, ಅವನಿಗೆ ಕ್ಷಮೆ ನೀಡಬೇಕೆಂದು ರಾಷ್ಟ್ರಾಧ್ಯಕ್ಷ ಕಾರ್ನೋರಲ್ಲಿ ಬಿನ್ನವಿಸಿದವರಲ್ಲಿ ಈ ಗಾಯಾಳು ಗುರುವೂ ಸೇರಿದ್ದರು. ಬಿನ್ನಹ ಫಲಿಸಲಿಲ್ಲ, 1894ರ ಫೆಬ್ರವರಿಯಲ್ಲಿ ವಯಾಂನ ಶಿರಚ್ಛೇದವಾಯಿತು.

ನೆಲ ಕಳೆದುಕೊಂಡವನ ಸಂಕಟ ಒಕ್ಕಲಿಗನ ಮಗನಿಗೆ ತಿಳಿಯದೆ ಇದ್ದೀತೇ? ಗಿರಣಿ ಕೆಲಸಕ್ಕಾಗಿ ಹಳ್ಳಿ ಬಿಟ್ಟು ಬಂದ ಕುಟುಂಬಗಳಿಗೆ ತುಂಡು ಭೂಮಿಯನ್ನು ಒದಗಿಸಲು 1896ರಲ್ಲಿ ಲೆಮೀರರು ಸಂಘವೊಂದನ್ನು ಕಟ್ಟಿದರು. ಕೆಲಸ ಮುಗಿಸಿ ಬಂದ ಕಾರ್ಮಿಕ ಹೆಂಡತಿ ಮಕ್ಕಳೊಡನೆ ಅಲ್ಲಿ ತರಕಾರಿ ಬೆಳೆಯಬಹುದಿತ್ತು. ಇದು ಬರಿಯ ಸೊಪ್ಪು ಗೆಡ್ಡೆಗಳ ಮಾತಲ್ಲ. ಕುಟುಂಬ ಒಟ್ಟಾಗಿ ಕಾಲ ಕಳೆಯಲು ಒಂದು ತಾಣ ಬೇಕೆಂಬುದೇ ಅವರ ಮುಖ್ಯ ಕಾಳಜಿ. ವಾರದ ವಿಶ್ರಾಂತಿಯನ್ನು ಕಡ್ಡಾಯಗೊಳಿಸಿದ 1906ರ ಕಾಯಿದೆಗೂ ಅವರ ಬೆಂಬಲವಿತ್ತು. ಬಡವನ ಮನೆಮಾರು ಸಾಲಗಾರರ ಜಪ್ತಿಗೆ ಸಿಗದಂತೆ ರಕ್ಷಿಸುವ ಕಾಯಿದೆಗಾಗಿ ಅವರು ವರ್ಷಗಟ್ಟಲೆ ದುಡಿದರು. ಅದು 1909ರಲ್ಲಿ ಜಾರಿಗೆ ಬಂದಿತು.

ಅವರ ಬಾಳಿನ ಕಠಿಣ ಪರೀಕ್ಷೆ 1914ರಲ್ಲಿ ಎದುರಾಯಿತು. ಗಣರಾಜ್ಯವಾದಿಗಳೊಡನೆ ಅವರಿಗಿದ್ದ ಒಡನಾಟ ಮೇಲಧಿಕಾರಿಗಳಿಗೆ ಹಿಡಿಸಲಿಲ್ಲ. ಮತ್ತೆ ಚುನಾವಣೆಗೆ ನಿಲ್ಲಬಾರದೆಂದು ಧರ್ಮಾಧ್ಯಕ್ಷರು ಅಪ್ಪಣೆ ಮಾಡಿದರು. ಲೆಮೀರರು ನಿಂತರು, ಗೆದ್ದರು. ಆದರೆ ಬಲಿಪೂಜೆಯನ್ನರ್ಪಿಸುವ ಅಧಿಕಾರವನ್ನು ಕಳೆದುಕೊಂಡರು. ವಿಧೇಯತೆಯ ವ್ರತ ತೊಟ್ಟವರು ಹೀಗೆ ಮಾಡಬಹುದಿತ್ತೇ ಎಂಬ ಪ್ರಶ್ನೆ ಸುಲಭದ್ದಲ್ಲ. ಆದರೂ ಅವರು ಪವಿತ್ರ ಸಭೆಯನ್ನು ತೊರೆಯಲಿಲ್ಲ, ನಿಲುವಂಗಿಯನ್ನು ಕಳಚಲಿಲ್ಲ. ಗುರುವಾದವನಿಗೆ ಪೂಜಾಪೀಠವನ್ನು ದೂರದಿಂದ ನೋಡುವುದಕ್ಕಿಂತ ದೊಡ್ಡ ನೋವು ಯಾವುದಿದ್ದೀತು!

ಆ ವರ್ಷವೇ ಅವರು ಆಜ್‌ಬ್ರೂಕಿನ ಮೇಯರರೂ ಆದರು. ಹಿಂದೆಯೇ ಮಹಾಯುದ್ಧ ಬಂದಿತು. ರೈಲುಮಾರ್ಗಗಳು ಕೂಡುವ ಆ ಪಟ್ಟಣ ಬ್ರಿಟಿಷ್ ಸೈನ್ಯಕ್ಕೆ ಆಧಾರವಾಗಿದ್ದು, ಶತ್ರುಗಳ ಗುಂಡುಗಳಿಗೆ ಗುರಿಯಾಯಿತು. 1916ರಲ್ಲಿ ಹದಿನೈದನೆಯ ಬೆನೆಡಿಕ್ಟ್ ಜಗದ್ಗುರುಗಳು ನಿಷೇಧವನ್ನು ತೆರವುಗೊಳಿಸಿದರು; ಲೆಮೀರರು ಮರಳಿ ಪೂಜಾಪೀಠವನ್ನೇರಿದರು. 1918ರ ಏಪ್ರಿಲ್‌ನಲ್ಲಿ ಜರ್ಮನ್ ಸೈನ್ಯ ಆಜ್‌ಬ್ರೂಕಿನ ಹೊಸ್ತಿಲವರೆಗೆ ಬಂದು ತಡೆಯಲ್ಪಟ್ಟಿತು. ಅವರ ಹುಟ್ಟೂರು ಮಾತ್ರ ಆ ಹೋರಾಟದಲ್ಲಿ ನೆಲಸಮವಾಯಿತು.

ಮುರಿದ ಪಟ್ಟಣವನ್ನು ಮತ್ತೆ ಎತ್ತಿನಿಲ್ಲಿಸುವ ಹೊಣೆ ಮುಪ್ಪಿನ ಲೆಮೀರರ ಹೆಗಲಿಗೇ ಬಿದ್ದಿತು. 1928ರ ಮಾರ್ಚ್ 7ರಂದು ಅವರು ಆಜ್‌ಬ್ರೂಕಿನಲ್ಲಿ ದೈವಾಧೀನರಾದಾಗ, ಅದರ ಮೇಯರರೂ ಮೂವತ್ತೈದು ವರ್ಷಗಳ ಲೋಕಪ್ರತಿನಿಧಿಯೂ ಆಗಿಯೇ ಇದ್ದರು. ಫ್ರಾನ್ಸಿನ ನಗರಗಳ ಅಂಚಿನಲ್ಲಿ ಕುಟುಂಬಗಳು ಆ ತುಂಡು ತೋಟಗಳನ್ನು ಇಂದಿಗೂ ಅಗೆಯುತ್ತಿವೆ.