ಕಾಣದ ಬೀಗ ಹುಡುಕಿದ ಎರ್ಲಿಕ್

1854ರಲ್ಲಿ ಪ್ರಷ್ಯಾದಲ್ಲಿ ಹುಟ್ಟಿದ ಪಾಲ್ ಎರ್ಲಿಕ್‌ಗೆ ಮೆಡಿಕಲ್ ಓದುವಾಗಲೇ ಬಣ್ಣಗಳ ಹುಚ್ಚು. ಒಂದು ಡೈ ಕೆಲವೇ ಜೀವಕೋಶಗಳಿಗೆ ಯಾಕೆ ಅಂಟುತ್ತೆ ಅನ್ನೋ ಪ್ರಶ್ನೆ ಅವರನ್ನು ಬಿಡಲೇ ಇಲ್ಲ. ಕ್ಷಯ ಬಂದಾಗ ಈಜಿಪ್ಟ್‌ಗೆ ಹೋಗಿ ಚೇತರಿಸಿಕೊಂಡು ಬಂದು, ಮತ್ತೆ ಲ್ಯಾಬ್ ಸೇರಿದರು.

1897ರಲ್ಲಿ ಉತ್ತರ ಕೊಟ್ಟರು: ಕೋಶದ ಮೇಲೆ ಕೊಂಡಿಗಳಿವೆ, ಬೀಗಕ್ಕೆ ಕೀ ಕೂತ ಹಾಗೆ ಹೊಂದುವ ಅಣು ಮಾತ್ರ ಅಲ್ಲಿ ಕೂರುತ್ತೆ. ಆಹಾರ ಹಿಡಿಯೋಕೆ ಇರೋ ಕೊಂಡಿಗೇ ರೋಗದ ವಿಷವೂ ಅಂಟುತ್ತೆ. ಮುಂದೆ ಅದನ್ನೇ ರಿಸೆಪ್ಟರ್ ಅಂತ ಕರೆದರು. ಕಾಣದ್ದಕ್ಕೆ ಚಿತ್ರ ಬರೀತಾರೆ ಅಂತ ಟೀಕೆಗಳು ಬಂದರೂ ಎರ್ಲಿಕ್ ಹಿಂದೆ ಸರಿಯಲಿಲ್ಲ. 1908ರಲ್ಲಿ ನೊಬೆಲ್ ಸಿಕ್ಕಿತು, 1915ರಲ್ಲಿ ತೀರಿಕೊಂಡರು.

ಇಂಟರ್‌ಲ್ಯೂಕಿನ್-2 ಅನ್ನೋ ಸೈಟೊಕೈನ್ ಟಿ-ಕೋಶದ ರಿಸೆಪ್ಟರ್ ಮೇಲೆ ಕೂತು, ಸಂದೇಶ ಕೊಟ್ಟು, ಅದರ ಜೊತೆಗೇ ಒಳಗೆ ಹೋಗುತ್ತೆ ಅಂತ ಇವತ್ತು ಗೊತ್ತು. ಅದನ್ನು ನೋಡೋಕೆ ಎರ್ಲಿಕ್ ಇರಲಿಲ್ಲ.