ಬಂಡೆ ಸೀಳಿದ ಕರ್ನಲ್

ಶೇಲ್ ಅನಿಲದ ಚರ್ಚೆ ಎದ್ದಾಗಲೆಲ್ಲ ನನಗೆ ನೆನಪಾಗುವುದು ಇಂದಿನ ಯಾವ ಉದ್ಯಮಿಯೂ ಅಲ್ಲ, 1881ರಲ್ಲಿ ತೀರಿಕೊಂಡ ಕರ್ನಲ್ ಎಡ್ವರ್ಡ್ ರಾಬರ್ಟ್ಸ್. ಬಾವಿಯ ತಳದ ಬಂಡೆಯನ್ನು ಬಿರುಕುಗೊಳಿಸಿ ಇಂಧನ ಪಡೆಯುವ ಉದ್ಯಮಕ್ಕೆ ಅವರನ್ನೇ ಮೂಲಪುರುಷರೆಂದು ನಾನು ಭಾವಿಸುತ್ತೇನೆ.

ಅಮೆರಿಕದ ಅಂತರ್ಯುದ್ಧದಲ್ಲಿ ಅಧಿಕಾರಿಯಾಗಿದ್ದ ರಾಬರ್ಟ್ಸ್, 1862ರ ಫ್ರೆಡರಿಕ್ಸ್‌ಬರ್ಗ್ ಕದನದಲ್ಲಿ ಫಿರಂಗಿ ಗುಂಡುಗಳು ಕಿರಿದಾದ ಕಾಲುವೆಯ ನೀರಿನಲ್ಲಿ ಬಿದ್ದು ಸಿಡಿಯುವುದನ್ನು ಕಂಡರು. ಮೇಲಿನ ನೀರಿನ ಭಾರವು ಸ್ಫೋಟದ ಬಲವನ್ನು ಚದುರಗೊಡುವುದಿಲ್ಲ ಎಂಬುದು ಅವರಿಗೆ ಹೊಳೆಯಿತು. 1865ರ ಜನವರಿಯಲ್ಲಿ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್ ಬಳಿಯ ತೈಲಬಾವಿಯೊಂದಕ್ಕೆ ಸಿಡಿಮದ್ದಿನ ಕೊಳವೆ ಇಳಿಸಿ, ಮೇಲೆ ನೀರು ತುಂಬಿಸಿ ಸಿಡಿಸಿದರು. ಬಾವಿಯೇ ಹಾಳಾದೀತೆಂದು ಮೊದಲು ಹೆದರಿದ್ದ ಮಾಲೀಕರು, ಇಳುವರಿ ಏರಿದ್ದನ್ನು ಕಂಡು ಸಾಲುಗಟ್ಟಿದರು.

ಆದರೆ ರಾಬರ್ಟ್ಸ್ ಉದಾರಿಯಾಗಿರಲಿಲ್ಲ. ಪ್ರತಿ ಸ್ಫೋಟಕ್ಕೆ 100ರಿಂದ 200 ಡಾಲರ್ ಶುಲ್ಕ. ಜೊತೆಗೆ ಹೆಚ್ಚುವರಿ ತೈಲದಲ್ಲಿ ಹದಿನೈದನೆಯ ಒಂದು ಪಾಲು. ಅದನ್ನು ತೆರಲಾರದವರು ಕತ್ತಲಲ್ಲಿ ಕದ್ದು ನೈಟ್ರೋಗ್ಲಿಸರಿನ್ ಸಿಡಿಸತೊಡಗಿದರು; ಕೆಲವರು ಜೀವ ತೆತ್ತರು. ರಾಬರ್ಟ್ಸ್ ಪತ್ತೇದಾರರನ್ನು ನೇಮಿಸಿ, ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಪೇಟೆಂಟ್ ಕಾಯ್ದುಕೊಂಡರು. ಸಾಯುವ ಹೊತ್ತಿಗೆ ಅವರು ಆ ಪ್ರದೇಶದ ಅತಿ ಶ್ರೀಮಂತರಲ್ಲೊಬ್ಬರು.

ಸ್ಫೋಟಕ್ಕೊಂದು ಮಿತಿಯಿತ್ತು, ಅದು ಬಾವಿಯ ಸುತ್ತಲಿನ ಬಂಡೆಯನ್ನಷ್ಟೇ ಒಡೆಯುತ್ತಿತ್ತು. 1947ರಲ್ಲಿ ಕ್ಯಾನ್ಸಸ್‌ನ ಹ್ಯೂಗೋಟನ್ ಅನಿಲ ಕ್ಷೇತ್ರದಲ್ಲಿ ಮಂದಗೊಳಿಸಿದ ಪೆಟ್ರೋಲನ್ನು ಒತ್ತಡದಿಂದ ನುಗ್ಗಿಸುವ ಪ್ರಯೋಗ ನಡೆಯಿತು. ಅನಿಲ ಹೆಚ್ಚಲಿಲ್ಲ, ದಾರಿ ಮಾತ್ರ ತೆರೆಯಿತು. ಮುಂದೆ ಬಿರುಕು ಮುಚ್ಚದಂತೆ ಮರಳು ತುಂಬುವುದು ರೂಢಿಯಾಯಿತು. 1990ರ ದಶಕದ ಕೊನೆಗೆ ಟೆಕ್ಸಾಸ್‌ನ ಬಾರ್ನೆಟ್ ಶೇಲ್‌ನಲ್ಲಿ ದುಬಾರಿ ಜೆಲ್ ಬದಲು, ಘರ್ಷಣೆ ತಗ್ಗಿಸುವ ರಾಸಾಯನಿಕ ಬೆರೆಸಿದ ತೆಳು ನೀರೇ ಸಾಕೆಂದು ತಿಳಿಯಿತು. ವೆಚ್ಚ ಇಳಿಯಿತು, ನೀರಿನ ಬಳಕೆ ಏರಿತು. ಇಂದು ಒಂದೇ ಬಾವಿಗೆ ಕೋಟಿ ಲೀಟರಿಗೂ ಮಿಕ್ಕ ನೀರು ಸಾಮಾನ್ಯ.

ತಂತ್ರ ಸುಧಾರಿಸಿದಷ್ಟು ಹೊಣೆಗಾರಿಕೆ ಸುಧಾರಿಸಿತೇ? 2005ರ ಅಮೆರಿಕದ ಇಂಧನ ಕಾಯ್ದೆಯು, ಡೀಸೆಲ್ ಬಳಕೆಯನ್ನುಳಿದು, ಈ ಪ್ರಕ್ರಿಯೆಯನ್ನು ಕುಡಿಯುವ ನೀರಿನ ಸುರಕ್ಷತಾ ಕಾನೂನಿನ ಹಿಡಿತದಿಂದ ಹೊರಗಿಟ್ಟಿತು. ದ್ರಾವಣದಲ್ಲಿ ಏನೇನಿದೆ ಎಂಬುದನ್ನು ವ್ಯಾಪಾರದ ಗುಟ್ಟೆಂದು ಮುಚ್ಚಿಡುವುದಕ್ಕೂ ಅವಕಾಶ ಉಳಿಯಿತು. ರಾಬರ್ಟ್ಸ್ ಕಾಯ್ದದ್ದು ತಮ್ಮ ಪೇಟೆಂಟನ್ನು. ಆದರೆ ಪೇಟೆಂಟಿನಲ್ಲಿ ವಿಧಾನವನ್ನಾದರೂ ಬಹಿರಂಗವಾಗಿ ಬರೆದಿಡಬೇಕಿತ್ತು. ನೆಲದೊಳಗೆ ಇಳಿಯುವುದೇನೆಂದು ತಿಳಿಯುವ ಹಕ್ಕು ಆ ನೆಲದ ನೀರು ಕುಡಿಯುವವರಿಗೆ ಇರಲೇಬೇಕು. ನೀರಿನ ಭಾರವನ್ನು ಅರಿತ ವಿದ್ಯೆಗೆ ನೀರಿನ ಬೆಲೆಯೂ ತಿಳಿಯಲಿ ಎಂಬುದಷ್ಟೇ ನನ್ನ ಆಶಯ.